ಬಲ್ಬು ಕಪ್ಪಾಗೋದ್ಯಾಕೆ ಎಂದು ಕೇಳಿದವರು: ಇರ್ವಿಂಗ್ ಲ್ಯಾಂಗ್‌ಮ್ಯೂರ್

ಫೈನಲ್ ಇಯರ್ ಪ್ರಾಜೆಕ್ಟಿಗೆ ಟಾಪಿಕ್ ಹುಡುಕುವಾಗ ನಮ್ಮಲ್ಲಿ ನೀರಿನ ಮಾತು ಬಂದೇ ಬರುತ್ತೆ. ವಿಜಯಪುರದಿಂದ ತಿಕೋಟಾ ಕಡೆ ಹೋಗ್ರಿ, ಬಬಲೇಶ್ವರ ಕಡೆ ಹೋಗ್ರಿ, ಬೋರಿನ ನೀರು ಸವುಳು ಅನ್ನೋ ದೂರು ತಪ್ಪಿದ್ದಲ್ಲ. ಆಗ ಯಾರಾದ್ರೂ ಒಬ್ಬರು, ಪ್ಲಾಸ್ಮಾದಿಂದ ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡ್ ಲೇಪ ಕೂರಿಸಿ ಬಿಸಿಲಿಂದಲೇ ನೀರು ಶುದ್ಧ ಮಾಡೋಣ ಅಂತಾರೆ. ಬಿಸಿಲಿಗಂತೂ ನಮ್ಮಲ್ಲಿ ಬರ ಇಲ್ಲ! ಈ ಲೇಪದ ಹಿಂದಿರುವ ಪ್ಲಾಸ್ಮಾ ಮತ್ತು ಮೇಲ್ಮೈ ಎಂಬ ಎರಡೂ ವಿಷಯಗಳಲ್ಲಿ ದುಡಿದವರು ಲ್ಯಾಂಗ್‌ಮ್ಯೂರ್.

ಅವರು ಹುಟ್ಟಿದ್ದು 1881ರ ಜನವರಿ 31ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಚಿಕ್ಕಂದಿನಲ್ಲಿ ದೃಷ್ಟಿ ಮಂದ. ಅದು ಗೊತ್ತಾಗಿ ಕನ್ನಡಕ ಬಂದಿದ್ದು 11ನೇ ವಯಸ್ಸಿಗೆ. 1903ರಲ್ಲಿ ಕೊಲಂಬಿಯಾದಲ್ಲಿ ಮೆಟಲರ್ಜಿ ಎಂಜಿನಿಯರಿಂಗ್ ಮುಗಿಸಿದರು. ಅಂದ್ರೆ ನಮ್ಮವರೇ! 1906ರಲ್ಲಿ ಜರ್ಮನಿಯಲ್ಲಿ ನೆರ್ನ್‌ಸ್ಟ್ ಕೈಕೆಳಗೆ ಪಿಎಚ್.ಡಿ. ಆಯ್ತು. ಕೆಲಕಾಲ ಮೇಷ್ಟ್ರಾಗಿದ್ದವರು 1909ರ ಬೇಸಿಗೆ ರಜೆಗೆಂದು ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟರು.

ಆಗ ಬಲ್ಬಿನ ಗಾಜು ಒಳಗಿನಿಂದ ಕಪ್ಪಾಗುತ್ತಿತ್ತು. ಉಳಿದ ಅನಿಲವೇ ಕಾರಣ, ಇನ್ನಷ್ಟು ನಿರ್ವಾತ ಮಾಡಿದರೆ ಸರಿಹೋಗುತ್ತೆ ಅಂತ ಎಲ್ಲರ ನಂಬಿಕೆ. ಲ್ಯಾಂಗ್‌ಮ್ಯೂರ್ ಪರೀಕ್ಷಿಸಿ ನೋಡಿದರೆ, ಟಂಗ್‌ಸ್ಟನ್ ತಂತಿಯೇ ಆವಿಯಾಗಿ ಗಾಜಿಗೆ ಅಂಟುತ್ತಿತ್ತು! ಅವರು ಉಲ್ಟಾ ಮಾಡಿದರು: ಬಲ್ಬಿನೊಳಗೆ ಜಡ ಅನಿಲ ತುಂಬಿಸಿ, ತಂತಿಯನ್ನು ಸುರುಳಿ ಸುತ್ತಿಸಿದರು.

ಅದೇ ಕೆಲಸದಿಂದ, ಅನಿಲದ ಅಣುಗಳು ಮೇಲ್ಮೈಗೆ ಒಂದೇ ಪದರವಾಗಿ ಅಂಟುವ ಸಿದ್ಧಾಂತ ಬೆಳೆಯಿತು. ನಮ್ಮ ಕೆಮಿಸ್ಟ್ರಿ ಪುಸ್ತಕದ ಲ್ಯಾಂಗ್‌ಮ್ಯೂರ್ ಐಸೊಥರ್ಮ್ ಇದೇ. ಮೇಲ್ಮೈ ರಸಾಯನಶಾಸ್ತ್ರಕ್ಕೆ 1932ರ ನೊಬೆಲ್ ಸಿಕ್ಕಿತು. ಅಯಾನೀಕೃತ ಅನಿಲಕ್ಕೆ ಪ್ಲಾಸ್ಮಾ ಎಂಬ ಹೆಸರು ಕೊಟ್ಟವರೂ ಅವರೇ, 1928ರಲ್ಲಿ.

ಇವತ್ತು ನಿರ್ವಾತ ಕೋಣೆಯಲ್ಲಿ ಆರ್ಗಾನ್ ಪ್ಲಾಸ್ಮಾದ ಅಯಾನುಗಳು ಟೈಟಾನಿಯಂ ತಟ್ಟೆಗೆ ಬಡಿಯುತ್ತವೆ. ಹಾರಿದ ಪರಮಾಣುಗಳು ಆಮ್ಲಜನಕ ಕೂಡಿಕೊಂಡು ಗಾಜಿನ ಮೇಲೆ ಕೂರುತ್ತವೆ. ಪುಡಿಯಾದರೆ ನೀರಿನಿಂದ ಮತ್ತೆ ಸೋಸಿ ತೆಗೆಯಬೇಕು. ಲೇಪಕ್ಕೆ ಆ ಕಾಟ ಇಲ್ಲ. ಆದರೆ ಬರೀ ಟೈಟಾನಿಯಂ ಡೈಆಕ್ಸೈಡ್‌ಗೆ ನೇರಳಾತೀತ ಬೆಳಕೇ ಬೇಕು, ಬಿಸಿಲಿನಲ್ಲಿ ಅದು ಸ್ವಲ್ಪವೇ. ಅದಕ್ಕೇ ಬೆಳ್ಳಿಯಂಥ ವಸ್ತುವಿನ ನ್ಯಾನೊ ಕಣ ಬೆರೆಸೋದು.

ಇಲ್ಲೇ ನಾವು ಎಚ್ಚರ ತಪ್ಪೋದು. ಬೆಳಕು ಬಿದ್ದಾಗ ಈ ಲೇಪ ಬಣ್ಣ, ಕೀಟನಾಶಕದಂಥ ಸಾವಯವ ವಸ್ತುಗಳನ್ನು ಒಡೆಯುತ್ತೆ, ಬ್ಯಾಕ್ಟೀರಿಯಾ ಕೊಲ್ಲುತ್ತೆ. ಉಪ್ಪು, ಫ್ಲೋರೈಡ್ ತೆಗೆಯೋದಿಲ್ಲ. ತಿಕೋಟಾದ ದ್ರಾಕ್ಷಿ ತೋಟದ ಔಷಧ ಸೇರಿದ ನೀರಿಗೆ ಇದು ಉಪಯೋಗಕ್ಕೆ ಬಂದೀತು, ಸವುಳಿಗೆ ಬಾರದು. ಇನ್ನೊಂದು: ಮೆಥಿಲೀನ್ ಬ್ಲೂ ಬಣ್ಣ ಮಾಯವಾಯ್ತು ಅಂತ ಕುಣಿಯೋ ಮೊದಲು ಅದನ್ನು ಕತ್ತಲಲ್ಲಿಟ್ಟು ನೋಡಬೇಕು. ಬಣ್ಣ ಒಡೆಯದೆ ಬರೀ ಲೇಪಕ್ಕೆ ಅಂಟಿರಬಹುದು, ಲ್ಯಾಂಗ್‌ಮ್ಯೂರ್ ಹೇಳಿದ ಹಾಗೇ!

ಅವರೂ ಎಡವಿದವರೇ. ಕೊನೆಗಾಲದಲ್ಲಿ ಮೋಡ ಬಿತ್ತನೆಯ ಬಗ್ಗೆ ಅತಿಯಾಗಿ ಹೇಳಿಕೊಂಡರು. ಹವಾಮಾನ ತಜ್ಞರು ಒಪ್ಪಲಿಲ್ಲ. ವಿಚಿತ್ರ ಅಂದ್ರೆ, ವಿಜ್ಞಾನಿಗಳು ತಮಗೆ ಬೇಕಾದ್ದನ್ನೇ ಕಂಡು ಮೋಸಹೋಗೋದು ಹೇಗೆ ಅಂತ 1953ರಲ್ಲಿ ಉಪನ್ಯಾಸ ಕೊಟ್ಟವರೂ ಅವರೇ. 1957ರ ಆಗಸ್ಟ್ 16ರಂದು ತೀರಿಕೊಂಡರು.

ಹಾಗಾಗಿ ಪ್ರಾಜೆಕ್ಟ್ ಶುರು ಮಾಡೋ ಮೊದಲು ಬಬಲೇಶ್ವರದ ಬೋರಿನದೊಂದು, ತಿಕೋಟಾದ ತೋಟದ್ದೊಂದು ಬಾಟಲಿ ನೀರು ತಂದು ಲ್ಯಾಬಿಗೆ ಕೊಡೋಣ. ನೀರಲ್ಲಿ ಏನಿದೆ ಅಂತ ಗೊತ್ತಾದ ಮೇಲೆ ಲೇಪದ ಮಾತು.