ಗಿರಿಜನರ ನಡುವೆ ವೆರಿಯರ್ ಎಲ್ವಿನ್

ವೆರಿಯರ್ ಎಲ್ವಿನ್ (1902–1964) ಇಂಗ್ಲೆಂಡಿನ ಡೋವರ್‌ನಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಹಾಗೂ ದೇವತಾಶಾಸ್ತ್ರಗಳನ್ನು ಅಧ್ಯಯನ ಮಾಡಿದವರು. 1927ರಲ್ಲಿ ಕ್ರೈಸ್ತ ಸೇವಾ ಸಂಘದ ಸದಸ್ಯರಾಗಿ ಪುಣೆಗೆ ಬಂದ ಅವರು ಗಾಂಧೀಜಿಯವರ ಪ್ರಭಾವಕ್ಕೆ ಒಳಗಾದರು. 1932ರಲ್ಲಿ ಗೆಳೆಯ ಶಾಮರಾವ್ ಹಿವಾಳೆಯವರೊಡನೆ ಮಧ್ಯಪ್ರಾಂತದ ಮಂಡ್ಲಾ ಜಿಲ್ಲೆಯ ಕರಂಜಿಯಾ ಎಂಬ ಹಳ್ಳಿಯಲ್ಲಿ ನೆಲೆಸಿದರು.

ಆ ಸೀಮೆಯ ಬೈಗಾ ಜನರ ನಂಬಿಕೆಯಲ್ಲಿ ನೇಗಿಲು ಹೂಡುವುದೆಂದರೆ ಭೂತಾಯಿಯ ಎದೆಯನ್ನು ಸೀಳುವುದು. ಮರಗಳನ್ನು ಕಡಿದು ಸುಟ್ಟು, ಬೂದಿಯಲ್ಲಿ ಬಿತ್ತುವ ಅವರ ‘ಬೇವರ್’ ಬೇಸಾಯವನ್ನು ವಸಾಹತು ಸರ್ಕಾರದ ಅರಣ್ಯ ಕಾನೂನುಗಳು ನಿರ್ಬಂಧಿಸಿದ್ದವು. ಇದರಿಂದ ಅವರ ಅನ್ನದೊಡನೆ ಆತ್ಮವಿಶ್ವಾಸವೂ ಕುಸಿಯಿತೆಂಬುದನ್ನು ಎಲ್ವಿನ್ ‘ದಿ ಬೈಗಾ’ (1939) ಕೃತಿಯಲ್ಲಿ ವಿವರಿಸಿ, ಹೊರಗಿನವರ ಪ್ರವೇಶಕ್ಕೆ ಮಿತಿಯಿರುವ ರಕ್ಷಿತ ಪ್ರದೇಶವೊಂದನ್ನು ಸೂಚಿಸಿದರು. ಗಿರಿಜನರು ಹಿಂದುಳಿದ ಹಿಂದೂಗಳೇ ಎಂದು ಬಗೆದ ಮುಂಬಯಿ ವಿಶ್ವವಿದ್ಯಾಲಯದ ಜಿ. ಎಸ್. ಘುರ್ಯೆ 1943ರಲ್ಲಿ ಈ ನಿಲುವನ್ನು ತೀವ್ರವಾಗಿ ವಿರೋಧಿಸಿದರು.

1954ರಲ್ಲಿ ಎಲ್ವಿನ್ ಭಾರತದ ಪೌರರಾದರು. ಅದೇ ವರ್ಷ ಈಶಾನ್ಯ ಗಡಿ ಪ್ರದೇಶದ ಆಡಳಿತಕ್ಕೆ ಗಿರಿಜನ ವ್ಯವಹಾರಗಳ ಸಲಹೆಗಾರರಾದರು. ಅಲ್ಲಿ ಅವರ ವಿಚಾರ ಮಾಗಿತು. ಅಭಿವೃದ್ಧಿಯನ್ನು ತಡೆಯಬೇಕಿಲ್ಲ, ಅದು ಆ ಜನರ ಪ್ರತಿಭೆಗೆ ಒಗ್ಗುವಂತೆ, ನಿಧಾನವಾಗಿ ಬರಬೇಕು ಎಂಬುದು ಅವರ ‘ಎ ಫಿಲಾಸಫಿ ಫಾರ್ ನೇಫಾ’ (1957) ಗ್ರಂಥದ ಸಾರ.

1940ರಲ್ಲಿ ಗೊಂಡ ತರುಣಿ ಕೋಸಿಯನ್ನು ವರಿಸಿದ್ದ ಎಲ್ವಿನ್ 1949ರಲ್ಲಿ ವಿಚ್ಛೇದನ ಪಡೆದಿದ್ದರು. ಮರಣಾನಂತರ, 1965ರಲ್ಲಿ, ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ಅವರ ಆತ್ಮಕಥೆಯಲ್ಲಿ ಆ ದಾಂಪತ್ಯಕ್ಕೆ ದೊರೆತ ಸ್ಥಳ ಅತ್ಯಲ್ಪ. ಗಿರಿಜನರ ಪರವಾಗಿ ಅಷ್ಟೊಂದು ಬರೆದ ಲೇಖನಿ ಆಕೆಯ ವಿಷಯದಲ್ಲಿ ಮೌನ ತಾಳಿದ್ದೂ ಅವರ ಜೀವನಚರಿತ್ರೆಯ ಭಾಗವೇ ಆಗಿದೆ.