ಅಫೀಮಿನ ಸತ್ವ ತೆಗೆದ ಹುಡುಗ

ಸೋದರಮಾವ ಕ್ಯಾನ್ಸರಿನಿಂದ ಮಲಗಿದ್ದಾಗ ರಾತ್ರಿ ಪಾಳಿ ನನ್ನದು. ಮಾರ್ಫಿನ್ ಗುಳಿಗೆ ನುಂಗಿ ಸ್ವಲ್ಪ ಹೊತ್ತಿಗೆ ಅವರ ನರಳಾಟ ನಿಲ್ಲುತ್ತಿತ್ತು. ನನ್ನ ಪರೀಕ್ಷೆಯ ವಿಚಾರ ಕೇಳೋರು. ಅಷ್ಟು ಸಣ್ಣ ಗುಳಿಗೆಯಲ್ಲಿ ಏನಿದೆ? ನಾನೋ ಡೆಬಿಟ್-ಕ್ರೆಡಿಟ್ಟಿನವನು. ಆದರೂ ಲೈಬ್ರರಿಯಲ್ಲಿ ಹುಡುಕಿದೆ. ಸಿಕ್ಕಿದವನು ಫ್ರೀಡ್ರಿಶ್ ಸರ್ಟ್ಯೂರ್ನರ್.

ಹುಟ್ಟಿದ್ದು 1783ರಲ್ಲಿ, ಜರ್ಮನಿಯ ಪಾಡರ್‌ಬಾರ್ನ್ ಬಳಿಯ ನಾಯ್‌ಹೌಸ್‌ನಲ್ಲಿ. ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ಕಾಲೇಜಿನ ಮೆಟ್ಟಿಲು ಹತ್ತದೆ ಔಷಧದಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ.

ಆಗ ನೋವಿಗೆ ಅಫೀಮೇ ಮದ್ದು. ಆದರೆ ಒಂದು ಉಂಡೆಯಂತೆ ಇನ್ನೊಂದು ಇರುತ್ತಿರಲಿಲ್ಲ. ಒಮ್ಮೆ ನೋವು ಹೋಗದು, ಇನ್ನೊಮ್ಮೆ ರೋಗಿಯೇ ಏಳನು. ಸತ್ವವನ್ನು ಬೇರೆ ಮಾಡಿದರೆ ತೂಗಿ ಕೊಡಬಹುದಲ್ಲ! ಅಫೀಮಿನ ಸಾರಕ್ಕೆ ಅಮೋನಿಯಾ ಬೆರೆಸಿ ಆತ ಹರಳು ಪಡೆದ. 1805ರ ಸುಮಾರಿಗೆ ಬರೆದು ಪ್ರಕಟಿಸಿದ. ಅದೊಂದು ಕ್ಷಾರವೆಂಬ ಮಾತನ್ನು ಯಾರೂ ಲೆಕ್ಕಕ್ಕೇ ಇಡಲಿಲ್ಲ. ಅಂಗಡಿ ಹುಡುಗನ ಮಾತು ಯಾರಿಗೆ ಬೇಕು?

ಕೊನೆಗೆ ತಾನೇ ನುಂಗಿದ. ಹದಿನೇಳು ಮೀರದ ಮೂವರು ಹುಡುಗರಿಗೂ ಕೊಟ್ಟ. ಸುಮಾರು 30 ಮಿಲಿಗ್ರಾಂನಂತೆ ಮುಕ್ಕಾಲು ಗಂಟೆಯೊಳಗೆ ಮೂರು ಸಲ! ಹೊಟ್ಟೆನೋವು, ಮಂಪರು. ಗಾಬರಿಯಿಂದ ವಿನೆಗರ್ ಕುಡಿದು, ಕುಡಿಸಿ, ವಾಂತಿ ಮಾಡಿಸಿದ. ಇದನ್ನು ಧೈರ್ಯ ಎನ್ನಲು ನನಗೆ ಮನಸ್ಸಿಲ್ಲ. ಆದರೆ 1817ರಲ್ಲಿ ಇದೆಲ್ಲ ಅಚ್ಚಾದಾಗ ಫ್ರಾನ್ಸಿನ ಗೇ-ಲುಸಾಕ್ ಗಮನಿಸಿದರು, ಜಗತ್ತೂ ನಂಬಿತು. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್ ಹೆಸರಿನಿಂದ ಮಾರ್ಫಿನ್ ಎಂಬ ಹೆಸರು ಬಂತು. 1831ರಲ್ಲಿ ಫ್ರೆಂಚ್ ವಿದ್ವತ್ಸಂಸ್ಥೆ 2,000 ಫ್ರಾಂಕ್ ಬಹುಮಾನ ಕೊಟ್ಟಿತು. 1841ರಲ್ಲಿ ಹಾಮೆಲ್ನ್ ಊರಿನಲ್ಲಿ ಸರ್ಟ್ಯೂರ್ನರ್ ತೀರಿಕೊಂಡ.

ಅದು ಮಿದುಳಿನಲ್ಲಿ ಮಾಡುವುದೇನೆಂದು ಅವನಿಗೆ ತಿಳಿಯಲೇ ಇಲ್ಲ. ನರಕೋಶಗಳ ಮೇಲೆ ಬೀಗದಂಥ ಗ್ರಾಹಕಗಳಿವೆ ಎಂದು 1973ರಲ್ಲಿ ಅಮೆರಿಕದ ಪರ್ಟ್ ಮತ್ತು ಸ್ನೈಡರ್ ತೋರಿಸಿದರು. ಮಾರ್ಫಿನ್ ಅದಕ್ಕೆ ಹೊಂದುವ ಬೀಗದಕೈ. ಅದು ಕೂತರೆ ನೋವಿನ ಸುದ್ದಿ ಒಯ್ಯುವ ರಾಸಾಯನಿಕ ಕಡಿಮೆ ಹೊರಬರುತ್ತದೆ. ಗಿಡದ ಕೈಗೆ ನಮ್ಮೊಳಗೆ ಬೀಗವೇಕೆ? 1975ರಲ್ಲಿ ಸ್ಕಾಟ್ಲೆಂಡಿನ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜ್ ಉತ್ತರ ಕೊಟ್ಟರು: ಮಿದುಳು ತಾನೇ ಅಂಥ ಕೈಗಳನ್ನು ತಯಾರಿಸುತ್ತದೆ. ಉಸಿರಾಟ ನಡೆಸುವ ಭಾಗದಲ್ಲೂ ಇದೇ ಬೀಗ. ಅಳತೆ ಮೀರಿದರೆ ಉಸಿರೇ ನಿಲ್ಲುತ್ತದೆ. ತೂಕ ತೂಕ ಎಂದು ಆತ ಒದ್ದಾಡಿದ್ದು ಸುಮ್ಮನೆ ಅಲ್ಲ.

ಒಂದು ರಾತ್ರಿ ಮಾವನಿಗೆ ಈ ಕಥೆ ಹೇಳಿದೆ. ಆ ಮೂವರು ಹುಡುಗರು ಏನಾದರೋ ಅಂತ ಕೇಳಿದರು. ಬದುಕಿಕೊಂಡರು ಮಾವ, ಅಂದೆ. ಸಮಾಧಾನದಿಂದ ಕಣ್ಣು ಮುಚ್ಚಿ ನಿದ್ದೆಹೋದರು.