ಡಾ. ಎಂ.ಹೆಚ್. ಮರಿಗೌಡ: ಬೆಳೆಗಾರರ ಸಂಘವನ್ನು ತೋಟಗಾರಿಕೆ ನೀತಿಯ ಅಂಗವಾಗಿಸಿದ ಧೀಮಂತರು

ಕರ್ನಾಟಕದ ತೋಟಗಾರಿಕೆಯ ಪಿತಾಮಹರೆಂದು ಗೌರವಿಸಲ್ಪಡುವ ಡಾ. ಎಂ.ಹೆಚ್. ಮರಿಗೌಡರ (1916–1992) ಹೆಸರು ಲಾಲ್‌ಬಾಗ್‌ಗೆ ಭೇಟಿ ನೀಡುವ ಬಹುತೇಕ ನಾಗರಿಕರಿಗೆ ಪರಿಚಿತ. ಉದ್ಯಾನದ ಅಭಿವೃದ್ಧಿಗೆ ಅವರು ಸಲ್ಲಿಸಿದ ಸೇವೆ ಸರ್ವವಿದಿತ. ಆದರೆ ಹಣ್ಣು, ಹೂವು, ತರಕಾರಿ ಬೆಳೆಯುವ ರೈತರು ತಮ್ಮದೇ ಸಂಘ ಕಟ್ಟಿಕೊಂಡು, ಅದರ ಆಡಳಿತ ಮಂಡಳಿಯ ಮೂಲಕ ಸರ್ಕಾರದ ತೀರ್ಮಾನಗಳಲ್ಲಿ ಪಾಲ್ಗೊಳ್ಳುವ ವ್ಯವಸ್ಥೆಗೆ ಅವರು ಹಾಕಿಕೊಟ್ಟ ಬುನಾದಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ತೋಟಗಾರಿಕೆ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ರೈತ ಬಾಂಧವರ ಅವಗಾಹನೆಗಾಗಿ ಅವರ ಜೀವನ ಹಾಗೂ ಸಾಧನೆಯ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಮರಿಗೌಡರು 1916ರ ಆಗಸ್ಟ್ 8ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಸಮೀಪದ ಮರಿಗೌಡನಹಳ್ಳಿಯಲ್ಲಿ ಜನಿಸಿದರು. ಕಾವೇರಿ ಬಯಲಿನ ಈ ಸೀಮೆ ಭತ್ತ ಮತ್ತು ಕಬ್ಬಿಗೆ ಹೆಸರಾದುದು. ಉನ್ನತ ವ್ಯಾಸಂಗಕ್ಕಾಗಿ ಲಕ್ನೋ ವಿಶ್ವವಿದ್ಯಾನಿಲಯವನ್ನು ಸೇರಿದ ಅವರು ಅಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು, ಬಳಿಕ ಸರ್ಕಾರಿ ತೋಟಗಾರಿಕೆ ಸೇವೆಗೆ ಬಂದರು. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ತರಬೇತಿ ಹೊಂದಿದರು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನು ಗಳಿಸಿ 1951ರಲ್ಲಿ ಸ್ವದೇಶಕ್ಕೆ ಮರಳಿದರು.

ಲಾಲ್‌ಬಾಗ್‌ನ ಹೊಣೆಗಾರಿಕೆ

ಜಾನ್ ಕ್ಯಾಮರಾನ್, ಜಿ.ಹೆಚ್. ಕ್ರುಂಬಿಗಲ್, ಹೆಚ್.ಸಿ. ಜವರಾಯ ಮೊದಲಾದ ಹಿರಿಯರು ನಿರ್ವಹಿಸಿದ್ದ ಹುದ್ದೆಯ ಹೊಣೆಯನ್ನು ಮರಿಗೌಡರು 1951ರಲ್ಲಿ ವಹಿಸಿಕೊಂಡರು. ಆ ಕಾಲದಲ್ಲಿ ತೋಟಗಾರಿಕೆಯು ಕೃಷಿ ಇಲಾಖೆಯ ಒಂದು ಅಂಗವಾಗಿತ್ತು. ಆಹಾರ ಧಾನ್ಯಗಳ ಕೊರತೆಯಿದ್ದ ಆ ವರ್ಷಗಳಲ್ಲಿ ಸರ್ಕಾರದ ಗಮನ ಸಹಜವಾಗಿಯೇ ಭತ್ತ, ರಾಗಿ, ಜೋಳಗಳ ಕಡೆಗಿತ್ತು. ಹಣ್ಣಿನ ಬೆಳೆಯು ಉಳ್ಳವರ ಹವ್ಯಾಸವೆಂಬ ಭಾವನೆ ವ್ಯಾಪಕವಾಗಿತ್ತು. ಸಣ್ಣ ಹಿಡುವಳಿದಾರನೂ ತೋಟದ ಬೆಳೆಯಿಂದ ಬದುಕು ಕಟ್ಟಿಕೊಳ್ಳಬಲ್ಲನೆಂಬುದು ಮರಿಗೌಡರ ನಂಬಿಕೆಯಾಗಿತ್ತು. ಇದಕ್ಕೆ ಉತ್ತಮ ಗಿಡ, ತಾಂತ್ರಿಕ ಮಾರ್ಗದರ್ಶನ ಹಾಗೂ ನ್ಯಾಯಯುತ ಮಾರುಕಟ್ಟೆ ಎಂಬ ಮೂರೂ ಅಗತ್ಯ. ಮೊದಲೆರಡನ್ನು ಸರ್ಕಾರ ಒದಗಿಸಬಹುದು. ಮೂರನೆಯದು ಬೆಳೆಗಾರರು ಒಗ್ಗೂಡದ ಹೊರತು ದೊರೆಯಲಾರದು. ಅವರ ಮುಂದಿನ ಕಾರ್ಯವೆಲ್ಲ ಈ ತಿಳಿವಳಿಕೆಯನ್ನು ಆಧರಿಸಿ ನಡೆಯಿತೆನ್ನಬಹುದು.

ದ್ರಾಕ್ಷಿ ಬೆಳೆಗಾರರ ಸಂಘ, 1959

ಬೆಂಗಳೂರು ಸುತ್ತಮುತ್ತಲ ಗ್ರಾಮಗಳಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯ ಬೇಸಾಯ ಬಹುಕಾಲದಿಂದ ನಡೆದುಬಂದಿದೆ. ದ್ರಾಕ್ಷಿಯು ಇತರ ಬೆಳೆಗಳಂತಲ್ಲ. ಬಳ್ಳಿ ಹಬ್ಬಿಸಲು ಕಲ್ಲುಕಂಬ ಮತ್ತು ತಂತಿಯ ಚಪ್ಪರ ಹಾಕಬೇಕು. ಬಾವಿ ನೀರು, ಗೊಬ್ಬರ, ಸವರುವಿಕೆಯ ಕೂಲಿ, ರೋಗ ತಡೆಗೆ ಮೈಲುತುತ್ತದ ಬೋರ್ಡೋ ದ್ರಾವಣದ ಸಿಂಪರಣೆ ಎಂದು ವೆಚ್ಚ ಮುಂದುವರಿಯುತ್ತಲೇ ಇರುತ್ತದೆ. ಫಸಲು ಕೈಗೆ ಬರುವ ಮುನ್ನವೇ ರೈತನು ದೊಡ್ಡ ಬಂಡವಾಳವನ್ನು ಹೂಡಿರುತ್ತಾನೆ. ಇಷ್ಟಾಗಿಯೂ ಕಿತ್ತ ಹಣ್ಣು ಕೆಲವೇ ದಿನಗಳಲ್ಲಿ ಕೆಡುತ್ತದೆ. ಮಾರುಕಟ್ಟೆಗೆ ತಂದ ಹಣ್ಣನ್ನು ಮರಳಿ ಮನೆಗೆ ಒಯ್ಯುವಂತಿಲ್ಲ. ದರ ಕುಸಿದ ದಿನವೂ ಹೇಳಿದ ಬೆಲೆಗೆ ಕೊಟ್ಟು ಬರುವುದು ಅನಿವಾರ್ಯ. ಅದರ ಮೇಲೆ ದಲ್ಲಾಳಿಯ ಕಮೀಷನ್, ಹಮಾಲಿ, ತೂಕದಲ್ಲಿನ ಕಡಿತ. ಮುಂಗಡ ಸಾಲ ಕೊಟ್ಟ ವರ್ತಕನಿಗೇ ಹಣ್ಣನ್ನು ಹಾಕಬೇಕಾದ ಬೆಳೆಗಾರನಿಗೆ ದರ ಕೇಳುವ ಅವಕಾಶವೂ ಇರುವುದಿಲ್ಲ. ಹೀಗೆ ಒಂದು ಹಂಗಾಮಿನ ನಷ್ಟವು ಹಲವು ವರ್ಷಗಳ ಹೂಡಿಕೆಯನ್ನು ನುಂಗಬಲ್ಲದು.

ಈ ಹಿನ್ನೆಲೆಯಲ್ಲಿ ಮರಿಗೌಡರ ಪ್ರೇರಣೆಯಿಂದ 1959ರ ಸೆಪ್ಟೆಂಬರ್ 10ರಂದು ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣಾ ಸಹಕಾರ ಸಂಘವು ಅಸ್ತಿತ್ವಕ್ಕೆ ಬಂದಿತು. ಇಂದು ಹಾಪ್‌ಕಾಮ್ಸ್ ಎಂದು ಮನೆಮಾತಾಗಿರುವ ಸಂಸ್ಥೆಯ ಮೂಲ ಇದೇ. ಸಂಘದ ಹೆಸರಿನಲ್ಲಿ ಮಾರಾಟದೊಂದಿಗೆ ಸಂಸ್ಕರಣೆಯೂ ಸೇರಿರುವುದು ಗಮನಾರ್ಹ. ಮಾರಾಟವಾಗದೆ ಉಳಿಯುವ ಹಣ್ಣನ್ನು ರಸವಾಗಿ ಪರಿವರ್ತಿಸುವ ಅವಕಾಶವಿದ್ದಲ್ಲಿ, ಆವಕ ಹೆಚ್ಚಾದ ದಿನ ಬೆಳೆಗಾರನು ಬಂದ ಬೆಲೆಗೆ ಕೈಬಿಡುವ ಪ್ರಮೇಯ ಕಡಿಮೆಯಾಗುತ್ತದೆ.

ಋತುಮಾನದ ಒಂದೇ ಬೆಳೆಯನ್ನು ನಂಬಿದ ಸಂಘಕ್ಕೆ ಒಂದು ಸಹಜ ಮಿತಿಯಿದೆ. ಮಳಿಗೆಯ ಬಾಡಿಗೆ, ಸಿಬ್ಬಂದಿ ವೇತನ, ವಾಹನ ವೆಚ್ಚ ವರ್ಷದ ಹನ್ನೆರಡು ತಿಂಗಳೂ ಇರುತ್ತವೆ. ಆದಾಯ ಮಾತ್ರ ಹಂಗಾಮಿನಲ್ಲಿ ಬರುತ್ತದೆ. 1965ರಲ್ಲಿ ಸಂಘದ ಕಾರ್ಯವ್ಯಾಪ್ತಿಯನ್ನು ಎಲ್ಲ ತೋಟಗಾರಿಕೆ ಬೆಳೆಗಳಿಗೆ ವಿಸ್ತರಿಸಲಾಯಿತು. ಇದರಿಂದ ಮಾವು, ಬಾಳೆ, ಸೀಬೆ, ಸಪೋಟ ಮತ್ತು ತರಕಾರಿ ಬೆಳೆಗಾರರಿಗೂ ಸದಸ್ಯತ್ವದ ಬಾಗಿಲು ತೆರೆಯಿತು. ಸಂಘವು ಸದಸ್ಯರಿಂದ ನೇರವಾಗಿ ಖರೀದಿಸಿ, ನಗರದ ತನ್ನ ಮಳಿಗೆಗಳಲ್ಲಿ ಗ್ರಾಹಕರಿಗೆ ನೇರವಾಗಿ ಮಾರುವ ಪದ್ಧತಿಯನ್ನು ಬೆಳೆಸಿಕೊಂಡಿತು. ಪ್ರತಿದಿನದ ದರಪಟ್ಟಿಯನ್ನು ಪ್ರಕಟಿಸುವ ಕ್ರಮವು ಬೆಳೆಗಾರ ಮತ್ತು ಗ್ರಾಹಕ ಇಬ್ಬರಿಗೂ ಬೆಲೆಯ ಅರಿವು ನೀಡಿತು.

ಆಡಳಿತ ಮಂಡಳಿಯ ಪಾತ್ರ

ಸಹಕಾರ ಸಂಘದಲ್ಲಿ ಪ್ರತಿಯೊಬ್ಬ ಸದಸ್ಯನಿಗೂ ಒಂದೇ ಮತ. ಎರಡು ಎಕರೆ ತೋಟದವನಿಗೂ ಇಪ್ಪತ್ತು ಎಕರೆ ತೋಟದವನಿಗೂ ಇದರಲ್ಲಿ ಭೇದವಿಲ್ಲ. ಸದಸ್ಯರು ಚುನಾಯಿಸಿದ ನಿರ್ದೇಶಕರು ಆಡಳಿತ ಮಂಡಳಿಯಲ್ಲಿ ಕುಳಿತು ಖರೀದಿ, ದರ್ಜೆ, ದಾಸ್ತಾನು, ಮಳಿಗೆ, ಲೆಕ್ಕಪತ್ರ ಕುರಿತು ನಿರ್ಣಯ ಕೈಗೊಳ್ಳುತ್ತಾರೆ. ಹಾಪ್‌ಕಾಮ್ಸ್‌ನಲ್ಲಿ ವ್ಯವಸ್ಥಾಪಕ ನಿರ್ದೇಶಕರ ಹುದ್ದೆಯನ್ನು ತೋಟಗಾರಿಕೆ ಇಲಾಖೆಯ ಅಧಿಕಾರಿಗಳು ನಿಯೋಜನೆಯ ಮೇಲೆ ನಿರ್ವಹಿಸುತ್ತಾ ಬಂದಿದ್ದಾರೆ. ಇದರ ಫಲವಾಗಿ ಬೆಳೆಗಾರರ ಪ್ರತಿನಿಧಿಗಳು ಮತ್ತು ಇಲಾಖೆಯ ಅಧಿಕಾರಿ ಒಂದೇ ಮೇಜಿನ ಸುತ್ತ ಕುಳಿತು ಚರ್ಚಿಸುವ ವ್ಯವಸ್ಥೆ ಏರ್ಪಟ್ಟಿತು.

ಈ ವ್ಯವಸ್ಥೆಯ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶೈತ್ಯಾಗಾರ ಬೇಕೆಂದು ಒಬ್ಬ ರೈತನು ಮನವಿ ಸಲ್ಲಿಸಿದಲ್ಲಿ ಅದು ಒಂದು ಅರ್ಜಿಯಾಗಿಯೇ ಉಳಿಯುತ್ತದೆ. ಅದೇ ಬೇಡಿಕೆಯನ್ನು ಸಂಘದ ಮಂಡಳಿಯು ತನ್ನ ಖರೀದಿ ವಹಿಯ ಆಧಾರದ ಮೇಲೆ, ಯಾವ ತಿಂಗಳಲ್ಲಿ ಎಷ್ಟು ಟನ್ ಹಣ್ಣು ಬಂದಿತು, ಎಷ್ಟು ಕೆಟ್ಟಿತು, ಎಷ್ಟು ನಷ್ಟವಾಯಿತು ಎಂಬ ಅಂಕಿಅಂಶಗಳೊಂದಿಗೆ ಠರಾವು ಮಾಡಿ ಕಳುಹಿಸಿದಲ್ಲಿ ಅದು ಯೋಜನೆಯ ಪ್ರಸ್ತಾವನೆಯಾಗುತ್ತದೆ. ಆಯವ್ಯಯದಲ್ಲಿ ಅನುದಾನ ಕೋರಲು ಇಲಾಖೆಗೆ ಬೇಕಾಗುವುದೂ ಇಂತಹ ದಾಖಲೆಯೇ. ಬೆಳೆಗಾರರ ಸಮಿತಿಯ ಬಲವಿರುವುದು ಸದಸ್ಯರ ಸಂಖ್ಯೆಯಲ್ಲಿ ಮಾತ್ರವಲ್ಲ, ಅದು ಇಟ್ಟುಕೊಳ್ಳುವ ಲೆಕ್ಕದಲ್ಲಿಯೂ ಹೌದು.

ನಾಲ್ಕು ಅಂಗಗಳ ವ್ಯವಸ್ಥೆ

1963ರಲ್ಲಿ ತೋಟಗಾರಿಕೆಯು ಕೃಷಿ ಇಲಾಖೆಯಿಂದ ಬೇರ್ಪಟ್ಟು ಪ್ರತ್ಯೇಕ ಇಲಾಖೆಯಾಯಿತು. ಮರಿಗೌಡರು ಅದರ ನಿರ್ದೇಶಕರಾಗಿ 1974ರವರೆಗೆ ಸೇವೆ ಸಲ್ಲಿಸಿದರು. ಅವರು ರೂಪಿಸಿದ ವ್ಯವಸ್ಥೆಯು ನಾಲ್ಕು ಅಂಗಗಳ ಮಾದರಿಯೆಂದು ಹೆಸರಾಗಿದೆ.

1. ತೋಟಗಾರಿಕೆ ಇಲಾಖೆ: ತಾಂತ್ರಿಕ ಮಾರ್ಗದರ್ಶನ, ತೋಟಗಾರಿಕೆ ಕ್ಷೇತ್ರಗಳು ಮತ್ತು ಸಸ್ಯಾಗಾರಗಳ ನಿರ್ವಹಣೆ.

2. ಮೈಸೂರು ಉದ್ಯಾನ ಕಲಾ ಸಂಘ: 1912ರಲ್ಲಿ ಆರಂಭವಾದ ಈ ಸಂಘವು ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಗಳ ಮೂಲಕ ಸಾರ್ವಜನಿಕರಲ್ಲಿ ಅಭಿರುಚಿಯನ್ನು ಬೆಳೆಸುತ್ತಾ ಬಂದಿದೆ.

3. ನರ್ಸರಿದಾರರ ಸಹಕಾರ ಸಂಘ: ಖಾಸಗಿ ಸಸ್ಯಾಗಾರಗಳು ಒಗ್ಗೂಡಿ ಗಿಡ, ಬೀಜ ಮಾರಾಟ ಮಾಡುವ ಸಂಸ್ಥೆ.

4. ತೋಟಗಾರಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ, ಅಂದರೆ ಹಾಪ್‌ಕಾಮ್ಸ್.

ಈ ನಾಲ್ಕರಲ್ಲಿ ಸರ್ಕಾರದ್ದು ಒಂದೇ ಅಂಗ. ಉಳಿದ ಮೂರೂ ಜನರ ಸಂಘಗಳು. ಇಲಾಖೆಯೇ ಎಲ್ಲವನ್ನೂ ಮಾಡಬೇಕೆಂಬ ಧೋರಣೆಯನ್ನು ಬಿಟ್ಟು, ಬೆಳೆಯುವವರು, ಗಿಡ ಸಿದ್ಧಪಡಿಸುವವರು, ಹವ್ಯಾಸಿಗಳು ಎಲ್ಲರಿಗೂ ಅವರವರ ಸ್ಥಾನವನ್ನು ಗೊತ್ತುಪಡಿಸಿದ್ದು ಈ ಮಾದರಿಯ ವೈಶಿಷ್ಟ್ಯ.

ಮರಿಗೌಡರ ಅವಧಿಯಲ್ಲಿ ರಾಜ್ಯದಾದ್ಯಂತ 350ಕ್ಕೂ ಹೆಚ್ಚು ತೋಟಗಾರಿಕೆ ಕ್ಷೇತ್ರಗಳು ಮತ್ತು ಸಸ್ಯಾಗಾರಗಳು ಸ್ಥಾಪನೆಗೊಂಡವು. ಮಾವು ಅಥವಾ ಸಪೋಟದ ಸಸಿ ಉತ್ತಮ ತಾಯಿಗಿಡದ್ದೇ ಎಂಬುದು ನೆಟ್ಟ ಹಲವು ವರ್ಷಗಳ ಬಳಿಕವಷ್ಟೇ ತಿಳಿಯುತ್ತದೆ. ತಪ್ಪು ತಳಿಯೆಂದು ತಿಳಿಯುವ ವೇಳೆಗೆ ರೈತನ ಶ್ರಮ ಮತ್ತು ಹಣ ಎರಡೂ ಕೈಬಿಟ್ಟಿರುತ್ತವೆ. ಆದ್ದರಿಂದ ನಂಬಿಕೆಗೆ ಅರ್ಹವಾದ ಕಸಿ ಗಿಡಗಳು ರೈತರಿಗೆ ಸಮೀಪದಲ್ಲಿಯೇ ದೊರೆಯುವಂತೆ ಮಾಡುವುದು ಈ ಕ್ಷೇತ್ರಗಳ ಮುಖ್ಯ ಉದ್ದೇಶವಾಗಿತ್ತು. ನೀರಾವರಿ ಸೌಲಭ್ಯವಿಲ್ಲದ ಪ್ರದೇಶಗಳಿಗೂ ಇವುಗಳಿಂದ ಒಣಬೇಸಾಯದ ಹಣ್ಣಿನ ಬೆಳೆಗಳು ತಲುಪಿದವು.

ಮಾದರಿಯ ಮಿತಿಗಳು

ಯಾವುದೇ ಸಂಘದಂತೆ ಬೆಳೆಗಾರರ ಸಂಘಕ್ಕೂ ಇತಿಮಿತಿಗಳಿವೆ. ಮಾರುಕಟ್ಟೆಯಲ್ಲಿ ದರ ಏರಿದ ದಿನ ಹಣ್ಣನ್ನು ಹೊರಗೆ ಮಾರಿ, ದರ ಇಳಿದ ದಿನ ಮಾತ್ರ ಸಂಘಕ್ಕೆ ತರುವ ಸದಸ್ಯರಿಂದ ಸಂಘ ಉಳಿಯದು. ಅಧಿಕಾರಿಗಳ ಮೇಲೆಯೇ ಎಲ್ಲವನ್ನೂ ಬಿಟ್ಟ ಮಂಡಳಿಯು ಕ್ರಮೇಣ ಬೆಳೆಗಾರರ ದನಿಯನ್ನು ಕಳೆದುಕೊಳ್ಳುತ್ತದೆ. ಕೆಲವೇ ದೊಡ್ಡ ಬೆಳೆಗಾರರ ಹಿಡಿತಕ್ಕೆ ಸಿಲುಕಿದ ಮಂಡಳಿಯಲ್ಲಿ ಸಣ್ಣ ಹಿಡುವಳಿದಾರರ ಹಾಗೂ ಮಹಿಳಾ ಬೆಳೆಗಾರರ ಅಗತ್ಯಗಳು ಕಾರ್ಯಸೂಚಿಗೇ ಬಾರದಿರಬಹುದು. ಇತ್ತೀಚಿನ ದಶಕಗಳಲ್ಲಿ ಖಾಸಗಿ ಮಾರಾಟ ಮಳಿಗೆಗಳು ಮತ್ತು ಆನ್‌ಲೈನ್ ವ್ಯಾಪಾರದ ಸ್ಪರ್ಧೆಯನ್ನೂ ಸಹಕಾರ ಮಳಿಗೆಗಳು ಎದುರಿಸಬೇಕಾಗಿದೆ. ಇವೆಲ್ಲಕ್ಕೂ ಪರಿಹಾರವು ಸದಸ್ಯರ ಕೈಯಲ್ಲಿಯೇ ಇದೆ. ವಾರ್ಷಿಕ ಮಹಾಸಭೆಗೆ ಹಾಜರಾಗುವುದು, ಲೆಕ್ಕಪರಿಶೋಧನಾ ವರದಿಯನ್ನು ಓದಿ ಪ್ರಶ್ನಿಸುವುದು, ಯೋಗ್ಯರನ್ನು ಚುನಾಯಿಸುವುದು ಸದಸ್ಯರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಆಗಿದೆ.

ನಂತರದ ಬೆಳವಣಿಗೆ ಮತ್ತು ಸ್ಮರಣೆ

ಬೆಂಗಳೂರಿನ ಮಾದರಿಯಲ್ಲಿ ಮುಂದೆ ಇತರ ಜಿಲ್ಲೆಗಳಲ್ಲಿಯೂ ಹಾಪ್‌ಕಾಮ್ಸ್ ಸಂಘಗಳು ಸ್ಥಾಪನೆಯಾದವು. ದ್ರಾಕ್ಷಿಗೆ ಸಂಬಂಧಿಸಿದಂತೆ ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ದೊರೆಯಿತು. ಸಹಕಾರ ಸಂಘಗಳ ಜೊತೆಗೆ ರೈತ ಉತ್ಪಾದಕ ಸಂಸ್ಥೆಗಳೂ ಇಂದು ಬೆಳೆಗಾರರನ್ನು ಸಂಘಟಿಸುತ್ತಿವೆ. ಸಂಘಟನೆಯ ಕಾನೂನು ಸ್ವರೂಪ ಬದಲಾಗಿದ್ದರೂ, ಬೆಳೆಗಾರನೇ ಮಂಡಳಿಯಲ್ಲಿ ಕುಳಿತು ತೀರ್ಮಾನಿಸಬೇಕೆಂಬ ತತ್ತ್ವ ಬದಲಾಗಿಲ್ಲ.

ಡಾ. ಮರಿಗೌಡರು 1992ರಲ್ಲಿ ನಿಧನರಾದರು. ಲಾಲ್‌ಬಾಗ್‌ನಲ್ಲಿರುವ ಡಾ. ಎಂ.ಹೆಚ್. ಮರಿಗೌಡ ಸ್ಮಾರಕ ಭವನವು ಅವರ ಹೆಸರನ್ನು ಹೊತ್ತಿದೆ. ಸಂಘದ ಮಳಿಗೆಗೆ ಹಣ್ಣು ತಂದು, ತೂಕದ ಚೀಟಿ ಪಡೆದು, ಅಂದಿನ ದರವನ್ನು ಫಲಕದಲ್ಲಿ ತಾನೇ ಓದಿ ಹಿಂತಿರುಗುವ ರೈತನ ನೆಮ್ಮದಿಯೂ ಅವರ ಸ್ಮಾರಕವೇ ಸರಿ.

ನಾಗರಿಕರ ಗಮನಕ್ಕೆ

ತೋಟಗಾರಿಕೆ ಯೋಜನೆಗಳ ಸೌಲಭ್ಯ ಕೋರುವವರು ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಅಥವಾ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸುವುದು. ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಮತ್ತು ಫ್ರೂಟ್ಸ್ ನೋಂದಣಿ ಸಂಖ್ಯೆಯನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ. ಬೆಳೆಗಾರರ ಸಹಕಾರ ಸಂಘವನ್ನು ಸ್ಥಾಪಿಸಲು ಇಚ್ಛಿಸುವವರು ನೋಂದಣಿಗಾಗಿ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಯಲ್ಲಿ ವಿಚಾರಿಸಬಹುದು. ಉತ್ಪಾದಕ ಕಂಪನಿಯನ್ನು ಕಂಪನಿ ಕಾಯ್ದೆಯಡಿ ಕನಿಷ್ಠ 10 ಮಂದಿ ಉತ್ಪಾದಕರು ಸೇರಿ ಸ್ಥಾಪಿಸಬಹುದು. ಈಗಾಗಲೇ ತಮ್ಮ ಪ್ರದೇಶದಲ್ಲಿ ಸಂಘವಿದ್ದಲ್ಲಿ, ಹೊಸದನ್ನು ಆರಂಭಿಸುವ ಮುನ್ನ ಅದರ ಸದಸ್ಯತ್ವ ಪಡೆದು ಮಹಾಸಭೆಯಲ್ಲಿ ಪಾಲ್ಗೊಳ್ಳುವ ಬಗ್ಗೆ ರೈತ ಬಾಂಧವರು ಪರಿಶೀಲಿಸಬೇಕಾಗಿ ಕೋರಿದೆ.